ಬೈಂಡರು ಚಾಕು ಸಾಕಿದ್ದು

ಅಚ್ಚುಕೂಟದ ಹಿಂದಿನ ಕೋಣೆಯಲ್ಲಿ ಮೂವತ್ತೊಂದು ವರ್ಷದಿಂದ ಪುಸ್ತಕ ಕಟ್ಟುತ್ತಿದ್ದ ಬೈಂಡರು, ತಾವು ಕಟ್ಟಿದ ಒಂದು ಪುಸ್ತಕವನ್ನೂ ಓದಿದವರಲ್ಲ. ಯಾರಾದರೂ ಯಾಕೆಂದು ಕೇಳಿದರೆ, "ಅಡುಗೆ ಮಾಡೋನೇ ತಿಂತಾ ಕೂತ್ರೆ ಬಂದವರಿಗೆ ಬಡಿಸೋರು ಯಾರು?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಆದರೆ ಕಟ್ಟುವ ಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಇಷ್ಟು ವರ್ಷದಲ್ಲಿ ಒಂದು ಪುಟ ಹಿಂದುಮುಂದಾದದ್ದಿಲ್ಲ, ಒಂದು ಹೊಲಿಗೆ ಸಡಿಲವಾದದ್ದಿಲ್ಲ. ತಾವು ಹೊಲಿದ ಪುಸ್ತಕದ ಪುಟಸಂಖ್ಯೆ ನೋಡುವುದೆಂದರೆ ತಮ್ಮ ಮೇಲೆ ತಾವೇ ಅನುಮಾನಪಟ್ಟಂತೆ ಎಂದು ಅವರು ನಂಬಿದ್ದರು.

ಅನಾಹುತ ಶುರುವಾದದ್ದು ಮಿಷನ್ ಮಾರುವವನಿಂದ. ಟೈ ಕಟ್ಟಿದ ಆ ಮನುಷ್ಯ ಒಂದು ದಿನ ಅಚ್ಚುಕೂಟದ ಮಾಲೀಕರ ಮುಂದೆ ಬಣ್ಣದ ಚಿತ್ರಗಳನ್ನು ಹರಡಿ, ಈ ಮಿಷನ್ ತಾನೇ ಫಾರಂ ಜೋಡಿಸುತ್ತದೆ, ತಾನೇ ಹೊಲಿಯುತ್ತದೆ, ಊಟಕ್ಕೆಂದು ಎದ್ದು ಹೋಗುವುದಿಲ್ಲ ಎಂದು ಕೊರೆಯತೊಡಗಿದ. ಫಾರಂ ಎಂದರೆ ಹದಿನಾರು ಪುಟ ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸಿದ ಕಟ್ಟು. ಅಂಥ ಆರು ಫಾರಂ ಸೇರಿದರೆ ಒಂದು ಸಣ್ಣ ಪುಸ್ತಕ. ಬೈಂಡರ ಮೇಜಿನ ಮೇಲೆ ಅವತ್ತು ಅಂಥದೇ ಪುಸ್ತಕದ ಆರು ರಾಶಿಗಳಿದ್ದವು. ಇಪ್ಪತ್ತಾರು ಪ್ರತಿ, ಸಣ್ಣ ಕೆಲಸ.

"ನಿಮ್ಮ ಮಿಷನ್ನಿಗೆ ಕಣ್ಣಿದೆಯಾ?" ಎಂದರು ಬೈಂಡರು.

"ಇದೆ ಸಾರ್. ಬೆಳಕಿನ ಕಣ್ಣು."

"ನನಗೆ ಅದೂ ಬೇಡ. ಊಟ ಮಾಡ್ಕೊಂಡು ಬರ್ತೀನಿ, ಆಮೇಲೆ ನೋಡಿ."

ಊಟದಿಂದ ಬಂದವರು ಕಣ್ಣಿಗೆ ಟವೆಲ್ ಬಿಗಿದುಕೊಂಡರು. ಒಂದನೇ ರಾಶಿಯಿಂದ ಒಂದು, ಎರಡನೇ ರಾಶಿಯಿಂದ ಒಂದು, ಹೀಗೆ ಆರೂ ರಾಶಿಗಳ ಮೇಲೆ ಕೈ ಓಡಿಸುತ್ತ, ಮಾಲೀಕರು ಒಂದು ಲೋಟ ಕಾಫಿ ಮುಗಿಸುವಷ್ಟರಲ್ಲಿ ಇಪ್ಪತ್ತಾರು ಪ್ರತಿ ಜೋಡಿಸಿಟ್ಟರು. ಅಚ್ಚು ಜೋಡಿಸುವವರು, ಕಾಗದ ಕತ್ತರಿಸುವವರು ಎಲ್ಲ ಬಾಗಿಲಲ್ಲಿ ಸೇರಿ ಚಪ್ಪಾಳೆ ತಟ್ಟಿದರು. ಮಿಷನ್ ಮಾರುವವನು ಚಿತ್ರಗಳನ್ನು ಸುತ್ತಿಕೊಂಡು ಹೊರಟ. ಮಾಲೀಕರು ಮಾತ್ರ ಅವನ ವಿಳಾಸದ ಚೀಟಿಯನ್ನು ಗಾಜಿನ ಕೆಳಗೆ ಸಿಕ್ಕಿಸಿ, "ನಿಮ್ಮ ಕೈಯಲ್ಲಿ ಒಂದು ಪುಟ ಆಚೀಚೆ ಆದ ದಿನ ಇವನನ್ನ ಕರೀತೀನಿ" ಎಂದರು. ಬೈಂಡರು ನಕ್ಕರು.

ಈಗ ಅವರಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ನಿಮಗೆ ಹೇಳಿಬಿಡುತ್ತೇನೆ. ಅವರು ಊಟಕ್ಕೆ ಹೋಗಿದ್ದಾಗ ಕಸ ಗುಡಿಸುವ ಅಕ್ಕ ಮೇಜು ಒರೆಸಿದ್ದಳು. ಒರೆಸಲು ಮೂರನೇ ರಾಶಿ ಮತ್ತು ಐದನೇ ರಾಶಿಯನ್ನು ಎತ್ತಿ, ಮತ್ತೆ ಇಡುವಾಗ ಇದನ್ನು ಅಲ್ಲಿ, ಅದನ್ನು ಇಲ್ಲಿ ಇಟ್ಟಿದ್ದಳು. ಅಂಚಿಗೆ ಅಂಚು ಕೂಡಿಸಿ ಬಹಳ ಅಚ್ಚುಕಟ್ಟಾಗಿಯೇ ಇಟ್ಟಿದ್ದಳು, ಪಾಪ.

ಆ ಪುಸ್ತಕ ಬರೆದವರು ಅರಣ್ಯ ಇಲಾಖೆಯಿಂದ ನಿವೃತ್ತರಾದ ದೊಡ್ಡ ಸಾಹೇಬರು. ಕಾಡಿನಲ್ಲಿ ಕೈಕೆಲಸ ಮಾಡಿಕೊಂಡು ಬದುಕುವುದು ಹೇಗೆ ಎಂಬುದನ್ನು ತಮ್ಮ ಚಾರಣ ಸಂಘದ ಇಪ್ಪತ್ತೈದು ಸದಸ್ಯರಿಗಾಗಿ ಬರೆದಿದ್ದರು. ನಲವತ್ತು ವರ್ಷ ಸರ್ಕಾರಿ ವರದಿ ಬರೆದ ಕೈ. ಒಂದು ವಸ್ತುವಿನ ಹೆಸರನ್ನು ಅಧ್ಯಾಯದ ಮೊದಲಿಗೆ ಹೇಳಿದರೆ ಮುಗಿಯಿತು, ಆಮೇಲೆಲ್ಲ 'ಅದು', 'ಅದನ್ನು', 'ಅದಕ್ಕೆ'. ಇಪ್ಪತ್ತಾರನೇ ಪ್ರತಿಯನ್ನು ಅವರು ಬೈಂಡರಿಗೇ ಕೊಟ್ಟರು.

"ಕಟ್ಟುವಾಗ ಓದಿದ್ರಾ?" ಎಂದು ಸಾಹೇಬರು ಆಸೆಯಿಂದ ಕೇಳಿದರು.

ಇಲ್ಲ ಎನ್ನಲು ಬೈಂಡರಿಗೆ ನಾಲಿಗೆ ಬರಲಿಲ್ಲ. "ಓದೋದೇನು ಸಾರ್, ಅರೆದು ಕುಡಿದಿದ್ದೀನಿ. ಅದರಲ್ಲೂ ಆ ಚಾಕುವಿನ ಅಧ್ಯಾಯ ಇದೆಯಲ್ಲ" ಎಂದರು. ಪುಟ ಮಡಿಸುವಾಗ ಆ ಒಂದು ಪದ ಕಣ್ಣಿಗೆ ಬಿದ್ದಿತ್ತು.

ಸಾಹೇಬರ ಕಣ್ಣು ತೇವವಾಯಿತು. "ನನ್ನ ಹೆಂಡತಿಯೂ ಓದಿಲ್ಲ ಕಣ್ರೀ. ಇನ್ನು ಹತ್ತು ದಿನಕ್ಕೆ ನಮ್ಮ ಶಿಬಿರ. ಪುಸ್ತಕ ಅಲ್ಲೇ ಹಂಚೋದು. ನೀವೂ ಬರಬೇಕು, ಚಾಕುವಿನ ಕೆಲಸ ನೀವೇ ಮಾಡಿ ತೋರಿಸಬೇಕು."

ಹೀಗೆ ಬೈಂಡರು ಜೀವನದಲ್ಲಿ ಮೊದಲ ಸಲ ಒಂದು ಪುಸ್ತಕ ಬಿಚ್ಚಿ ಕೂತರು. ಮುನ್ನುಡಿಯಲ್ಲಿ ಸಾಹೇಬರು ಕಟ್ಟಪ್ಪಣೆ ಮಾಡಿದ್ದರು. ನಿಮಗೆ ಬೇಕಾದ ಅಧ್ಯಾಯದಲ್ಲಿ ದಿನಕ್ಕೊಂದೇ ಪುಟ ಓದಿ, ಅದರಂತೆ ನಡೆದ ಮೇಲೆಯೇ ಮುಂದಿನ ಪುಟ. ಹೇಳಿದ ಮಾತನ್ನು ಬೈಂಡರು ಮೀರುವವರಲ್ಲ.

ಚಾಕು ಆರಿಸುವ ಪುಟ ಬಹಳ ಚೆನ್ನಾಗಿತ್ತು. ಕಾಡಿಗೆ ಮಡಚುವ ಚಾಕು ಬೇಡ, ಕೀಲು ಇದ್ದ ಕಡೆಯೇ ಮುರಿಯುತ್ತದೆ. ಅಲಗು ಮತ್ತು ಹಿಡಿಯೊಳಗಿನ ಕಬ್ಬಿಣ ಒಂದೇ ತುಂಡಾಗಿರಬೇಕು, ಹಿಡಿಯ ತುದಿಯ ತನಕ ಹೋಗಿರಬೇಕು. ಅಲಗು ನಿಮ್ಮ ಅಂಗೈ ಅಗಲಕ್ಕಿಂತ ಸ್ವಲ್ಪ ಉದ್ದವಿದ್ದರೆ ಸಾಕು. ಬೆನ್ನು ದಪ್ಪ, ಬಾಯಿ ಒಂದೇ ಕಡೆ.

ಚಾಕು ಅಂಗಡಿಯ ಮುದುಕ ಮೊದಲು ಮೊಳದುದ್ದದ ಒಂದನ್ನು ತೆಗೆದು ಮೇಜಿನ ಮೇಲಿಟ್ಟ. ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ತುದಿಗೆ ದಿಕ್ಸೂಚಿ, ತಿರುಪು ಬಿಚ್ಚಿದರೆ ಒಳಗೆ ಮೀನು ಹಿಡಿಯುವ ಗಾಳ. "ಕಾಡಿಗೆ ಹೋಗೋರೆಲ್ಲ ಇದನ್ನೇ ಕೇಳೋದು" ಎಂದ.

ಬೈಂಡರು ಹಿಡಿಯನ್ನು ಉಗುರಿನಿಂದ ತಟ್ಟಿದರು. "ಟೊಳ್ಳು. ಕಬ್ಬಿಣ ಒಳಗೆ ಎಷ್ಟು ದೂರ ಹೋಗಿದೆ?"

"ಎರಡು ಬೆರಳು" ಎಂದು ಮುದುಕ ಒಪ್ಪಿಕೊಂಡ.

"ರಟ್ಟು ಚೆಂದ, ಹೊಲಿಗೆ ಇಲ್ಲ. ಇಂಥ ಪುಸ್ತಕ ಬಹಳ ನೋಡಿದೀನಿ. ಬೇರೆ ತೋರಿಸಿ."

ಮುದುಕ ಕನ್ನಡಕ ಸರಿಮಾಡಿಕೊಂಡು ಅವರನ್ನು ಹೊಸದಾಗಿ ನೋಡಿದ. ಒಳಗೆ ಹೋಗಿ, ಎಣ್ಣೆ ಕಾಗದದಲ್ಲಿ ಸುತ್ತಿದ ಒಂದು ಸಾದಾ ಚಾಕು ತಂದ. ಮಿನುಗಿಲ್ಲ, ಹಲ್ಲಿಲ್ಲ. ಮರದ ಹಿಡಿ, ಮೂರು ಹಿತ್ತಾಳೆ ಮೊಳೆ, ಹಿಡಿಯ ಅಂಚಿನುದ್ದಕ್ಕೂ ಕಬ್ಬಿಣದ ಗೆರೆ ಕಾಣುತ್ತಿತ್ತು. ಬೈಂಡರು ಅದನ್ನು ಹಿಡಿದರು, ಕಣ್ಣು ಮುಚ್ಚಿದರು. ಕೈಗೆ ಎಲ್ಲೂ ಒತ್ತಲಿಲ್ಲ. ಮೂವತ್ತೊಂದು ವರ್ಷ ಚರ್ಮ ಹೆರೆದ ಕೈಯದು, ಒಳ್ಳೆಯ ಕಬ್ಬಿಣದ ಗುರುತು ಅದಕ್ಕೆ ಕೂಡಲೇ ಸಿಕ್ಕಿತು. "ಇದೇ" ಎಂದರು. ಮುದುಕ ಚರ್ಮದ ಒರೆಯನ್ನು ಸುಮ್ಮನೆ ಜೊತೆಗೆ ಕೊಟ್ಟ.

ಎಡವಟ್ಟು ಆದದ್ದು ಮರುದಿನ. ಎರಡನೇ ಫಾರಂನ ಕೊನೆಯ ಪುಟದ ಕೊನೆಯ ಸಾಲು ಹೀಗಿತ್ತು: 'ಚಾಕು ಮನೆಗೆ ತಂದ ಮೇಲೆ ಮೊಟ್ಟಮೊದಲು ಅದನ್ನು'. ಬೈಂಡರು ಎದುರಿನ ಪುಟಕ್ಕೆ ಬಂದರು. 'ಮನೆಯವರಿಗೆಲ್ಲ ಪರಿಚಯ ಮಾಡಿಸಬೇಕು. ಒಬ್ಬೊಬ್ಬರಾಗಿ ಹತ್ತಿರ ಬಂದು, ಮೆಲ್ಲಗೆ ಮಾತಾಡಿಸಿ, ಬೆನ್ನು ಸವರಬೇಕು. ಚಿಕ್ಕದೊಂದು ಹೆಸರಿಟ್ಟು ಯಾವಾಗಲೂ ಅದೇ ಹೆಸರಿನಿಂದ ಕರೆಯಬೇಕು.'

ಇದು ಐದನೇ ಫಾರಂ. ಸಾಮಾನು ಹೊರುವ ಹೇಸರಗತ್ತೆಯನ್ನು ಪಳಗಿಸುವ ಅಧ್ಯಾಯದ ನಡುಭಾಗ. ಬೈಂಡರಿಗೆ ಒಂದು ಕ್ಷಣ ವಿಚಿತ್ರ ಅನ್ನಿಸಿತು. ಆದರೆ ಬರೆದವರು ದೊಡ್ಡ ಸಾಹೇಬರು, ಕಟ್ಟಿದವರು ಸ್ವತಃ ತಾವು. ಇಬ್ಬರಲ್ಲಿ ಯಾರನ್ನು ಅನುಮಾನಿಸುವುದು?

ನಡುಮನೆಯಲ್ಲಿ ಒಂದು ದಿಂಬಿನ ಮೇಲೆ ಚಾಕು ಮಲಗಿಸಿ ಮನೆಯವರನ್ನು ಕರೆದರು. ಕಣ್ಣು ಮಂಜಾದ ಅಮ್ಮ ಮೊದಲು ಬಂದು ಬೆನ್ನು ಸವರಿದರು.

"ಮೈ ತಣ್ಣಗಿದೆಯಲ್ಲೋ ಮಗಾ. ಏನಾದ್ರೂ ಹೊದಿಸಬಾರದೇನೋ?"

"ಒರೆ ಇದೆ ಅಮ್ಮ. ಹೆಸರು ಚಿನ್ನಿ."

"ಚೆನ್ನಾಗಿದೆ. ಸಾಧು ಇದೆ, ಪಾಪ" ಎಂದು ಅಮ್ಮ ಮತ್ತೊಮ್ಮೆ ಸವರಿ ಹೋದರು.

ಹೆಂಡತಿ ಸೌಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ರೀ, ನನ್ನ ಬೆನ್ನು ನೋಯ್ತಾ ಇದೆ ಅಂತ ಎರಡು ವರ್ಷದಿಂದ ಬಡ್ಕೋತಾ ಇದೀನಿ. ಅದನ್ನ ಸವರೋರು ಗತಿಯಿಲ್ಲ. ನಾನು ಬಂದು ಕಬ್ಬಿಣದ ಬೆನ್ನು ಸವರಬೇಕಾ?"

"ಪುಸ್ತಕದಲ್ಲಿದೆ ಕಣೆ."

"ಹೆಂಡತಿ ಬಗ್ಗೆ ಯಾರೂ ಪುಸ್ತಕ ಬರೆದಿಲ್ವಾ?" ಎಂದು ಆಕೆ ಒಳಗೆ ಹೋದಳು.

ಮರುದಿನದ ಪುಟ: 'ಬೆಳಿಗ್ಗೆ ಸಂಜೆ ಗಿಡ್ಡ ಹಗ್ಗ ಹಿಡಿದು ಒಂದು ಮೈಲಿ ನಡೆಸಬೇಕು. ಜನ, ಗಾಡಿ, ಗದ್ದಲ ಅದಕ್ಕೆ ರೂಢಿಯಾಗಬೇಕು.' ಬೈಂಡರು ಒರೆಗೆ ಹಗ್ಗ ಕಟ್ಟಿ, ಚಿನ್ನಿಯನ್ನು ಸೊಂಟದ ಮಟ್ಟಕ್ಕೆ ತೂಗಾಡಿಸುತ್ತ ಬೀದಿಗಿಳಿದರು. ಬಸ್ಸು ಬಂದಾಗ ನಿಂತು ಅದರ ಕಡೆ ತೋರಿಸಿ, "ಏನೂ ಆಗಲ್ಲ ಚಿನ್ನಿ" ಎಂದು ಧೈರ್ಯ ಹೇಳಿದರು.

ಎದುರುಮನೆಯ ನಿವೃತ್ತ ಪೋಸ್ಟ್ ಮಾಸ್ಟರು ಗೇಟಿನ ಮೇಲಿಂದ ಕತ್ತು ಚಾಚಿ, "ಏನಮ್ಮಾ, ಯಜಮಾನರು ಹುಷಾರಾಗಿದ್ದಾರಾ?" ಎಂದು ವಿಚಾರಿಸಿದರು.

"ಚಾಕು ಸಾಕಿದ್ದಾರೆ ಅಣ್ಣಾ" ಎಂದಳು ಹೆಂಡತಿ, ಬಟ್ಟೆ ಹಿಂಡುತ್ತ. "ಬೇರೆಯವರು ನಾಯಿ ಸಾಕಲ್ವಾ, ಹಾಗೆ. ಇದು ಬೊಗಳಲ್ಲ, ಅದೊಂದು ಪುಣ್ಯ."

ಮೂರನೇ ದಿನ ಬೀದಿ ತಿರುವಿನಲ್ಲಿ ಪೊಲೀಸಿನವನು ಅಡ್ಡ ನಿಂತ. "ಏನ್ರೀ ಅದು?"

"ಚಾಕು."

"ಹಗ್ಗ ಯಾಕೆ? ಓಡಿಹೋಗುತ್ತಾ?"

"ಇನ್ನೂ ಹೊಸದು ಸಾರ್. ರೂಢಿ ಮಾಡಿಸ್ತಾ ಇದೀನಿ."

ಪೊಲೀಸಿನವನು ಇಪ್ಪತ್ತು ವರ್ಷದ ನೌಕರಿಯಲ್ಲಿ ಚಾಕು ಬಚ್ಚಿಟ್ಟುಕೊಂಡವರನ್ನು ಕಂಡಿದ್ದ, ಚಾಕು ತಿರುಗಾಡಿಸುವವರನ್ನು ಕಂಡಿರಲಿಲ್ಲ. ಬೈಂಡರು ಚೀಲದಿಂದ ಪುಸ್ತಕ ತೆಗೆದು ಆ ಪುಟ ತೋರಿಸಿದರು. ಅವನು ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದ. ಬರೆದವರ ಹೆಸರಿನ ಕೆಳಗಿದ್ದ ಹುದ್ದೆಯನ್ನೂ ಓದಿದ. ಅರಣ್ಯ ಇಲಾಖೆಯಾದರೂ ಸರ್ಕಾರ ಸರ್ಕಾರವೇ. ಟೋಪಿ ಸರಿಮಾಡಿಕೊಂಡು, "ಅಚ್ಚಾಗಿದೆ ಅಂದಮೇಲೆ ಸರಿ. ಒರೆಯಿಂದ ಹೊರಗೆ ಮಾತ್ರ ತೆಗೀಬೇಡಿ. ಮತ್ತೆ ರಸ್ತೆಯ ಎಡಗಡೆ ನಡೆಸಿ" ಎಂದ.

ಇಷ್ಟೆಲ್ಲ ನಗುವ ಮಾತಾಯಿತು. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. 'ಹೊರಗಿಂದ ಬಂದ ಕೂಡಲೇ ತೇವ ಉಳಿಯದಂತೆ ಮೈಯೆಲ್ಲ ಒರೆಸಿ, ತೆಳ್ಳಗೆ ಎಣ್ಣೆ ಸವರಬೇಕು' ಎಂದಿತ್ತು ಒಂದು ಪುಟ. ಬೈಂಡರು ಒರೆಸಿ ಸವರಿದರು, ಚಿನ್ನಿಗೆ ತುಕ್ಕಿನ ಚುಕ್ಕೆ ಬೀಳಲಿಲ್ಲ. 'ಒಮ್ಮೆಲೇ ಗಟ್ಟಿ ಕೆಲಸಕ್ಕೆ ಹಚ್ಚಿದರೆ ಹಟ ಹಿಡಿಯುತ್ತದೆ. ಬೆನ್ನ ಮೇಲೆ ಮೊದಲ ದಿನ ಸ್ವಲ್ಪವೇ ಭಾರ ಹಾಕಿ, ದಿನದಿಂದ ದಿನಕ್ಕೆ ಹೆಚ್ಚಿಸಿ' ಎಂದಿತ್ತು ಇನ್ನೊಂದು. ಮೊದಲ ದಿನ ಪೆನ್ಸಿಲ್ ಚೂಪು ಮಾಡಿದರು. ಮರುದಿನ ಬಿದಿರು ಸೀಳಿದರು. ಅದರ ಮರುದಿನ ಸೌದೆಯ ಮೇಲೆ ಅಲಗು ಇಟ್ಟು, ಬೆನ್ನಿಗೆ ಮರದ ತುಂಡಿನಿಂದ ಮೆಲ್ಲಗೆ ಬಡಿದರು, ಸೌದೆ ಸರಿಯಾಗಿ ಎರಡು ಹೋಳಾಯಿತು. ಇದನ್ನೇ ಕಾಡಿನ ಜನ ವರ್ಷಗಟ್ಟಲೆ ಕಲಿಯುತ್ತಾರೆ. 'ಸಿಟ್ಟು ಬಂದಾಗ ಅದರ ಹತ್ತಿರ ಹೋಗಬೇಡಿ' ಎಂದಿತ್ತು ಮತ್ತೊಂದು ಪುಟ. ಹಾಗಾಗಿ ಹೆಂಡತಿ ರೇಗಿದ ದಿನಗಳಲ್ಲಿ ಬೈಂಡರು ಚಾಕು ಮುಟ್ಟಲಿಲ್ಲ. ಹತ್ತು ದಿನದಲ್ಲಿ ಅವರ ಬೆರಳಿಗೆ ಒಂದು ಗೀರೂ ಬಿದ್ದಿರಲಿಲ್ಲ. ಹೇಸರಗತ್ತೆಗೆಂದು ಬರೆದ ತಾಳ್ಮೆ ಚಾಕುವಿಗೂ ಆಗಿಬಂತು.

ಶಿಬಿರದ ದಿನ ಬಂತು. ಇಪ್ಪತ್ತೈದು ಸದಸ್ಯರು, ಸಾಹೇಬರು, ಅಡುಗೆಯವನು, ಕೊನೆಯಲ್ಲಿ ಬೈಂಡರು. ಸಾಮಾನು ಹೊರಲು ಆಗಷ್ಟೇ ಗೊತ್ತುಮಾಡಿದ ಒಂದು ಹೇಸರಗತ್ತೆ. ಅದರ ಬೆನ್ನ ಮೇಲೆ ಮೈದಾ ಚೀಲ, ಡೇರೆಗಳು, ಮತ್ತು ಪುಸ್ತಕದ ಪೆಟ್ಟಿಗೆ. ಕಾಡಿನ ಮೊದಲ ಹಳ್ಳದ ಹತ್ತಿರ ಅದು ನಿಂತುಬಿಟ್ಟಿತು. ಎಳೆದರೂ ಇಲ್ಲ, ತಳ್ಳಿದರೂ ಇಲ್ಲ.

"ಯಾರೂ ಹೊಡೀಬೇಡಿ" ಎಂದರು ಸಾಹೇಬರು. "ಇದಕ್ಕೂ ನಾನು ಒಂದು ಅಧ್ಯಾಯ ಬರೆದಿದ್ದೀನಿ. ನಮ್ಮ ಬೈಂಡರಿಗೆ ಪುಸ್ತಕ ಪೂರ್ತಿ ಬಾಯಿಪಾಠ. ಬನ್ನಿ ಬೈಂಡರೇ."

ಬೈಂಡರು ಆ ಅಧ್ಯಾಯ ತೆರೆದೇ ನೋಡಿರಲಿಲ್ಲ. ನೀರು ಕುಡಿಯುವ ನೆಪದಲ್ಲಿ ಒಂದು ಮರದ ಹಿಂದೆ ಹೋಗಿ ಪುಸ್ತಕ ತೆರೆದರು. ಹೇಸರಗತ್ತೆಯ ಅಧ್ಯಾಯ ಸಿಕ್ಕಿತು. 'ಹೊಸ ಹೇಸರಗತ್ತೆ ಹಟ ಮಾಡುವುದು ಸಹಜ. ಮೊಟ್ಟಮೊದಲು ಅದನ್ನು'. ಎದುರಿನ ಪುಟಕ್ಕೆ ಬಂದರು. 'ಒರಟು ಕಲ್ಲಿನ ಮೇಲೆ ಮಲಗಿಸಿ, ನೀರು ಚಿಮುಕಿಸಿ, ಎರಡೂ ಬದಿ ಸಮವಾಗಿ ಮಸೆಯಬೇಕು. ಆಮೇಲೆ ಹೆಬ್ಬೆರಳಿನ ಉಗುರಿನ ಮೇಲೆ ಇಟ್ಟು ಹರಿತ ನೋಡಬೇಕು.'

ಬೈಂಡರು ಮರದ ಹಿಂದಿನಿಂದ ಹೇಸರಗತ್ತೆಯನ್ನು ನೋಡಿದರು. ತಮ್ಮ ಹೆಬ್ಬೆರಳಿನ ಉಗುರು ನೋಡಿಕೊಂಡರು. ಆಮೇಲೆ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ, ತಾವು ಕಟ್ಟಿದ ಪುಸ್ತಕದ ಪುಟಸಂಖ್ಯೆ ನೋಡಿದರು. ಅರವತ್ತನಾಲ್ಕು, ಅದರ ಎದುರಿಗೆ ಮೂವತ್ತಮೂರು.

ಟವೆಲ್ ಕಟ್ಟಿಕೊಂಡ ತಮ್ಮ ಮುಖ, ಚಪ್ಪಾಳೆ, ಗಾಜಿನ ಕೆಳಗಿನ ವಿಳಾಸದ ಚೀಟಿ ಎಲ್ಲ ನೆನಪಾಯಿತು. ಒಂದಲ್ಲ, ಇಪ್ಪತ್ತಾರೂ ಪ್ರತಿ ಹೀಗೇ ಇವೆ. ಇಪ್ಪತ್ತೈದು ಆ ಪೆಟ್ಟಿಗೆಯಲ್ಲಿವೆ, ಸಂಜೆ ಐದಕ್ಕೆ ಹಂಚುತ್ತಾರೆ.

"ಬೈಂಡರೇ, ಆಯ್ತಾ?" ಎಂದು ಸಾಹೇಬರು ಕೂಗಿದರು.

ಬೈಂಡರು ಬಂದರು. ಏನು ಮಾಡಬೇಕೆಂದು ಈಗ ಅವರಿಗೆ ಚೆನ್ನಾಗಿ ಗೊತ್ತಿತ್ತು, ಹತ್ತು ದಿನ ಅದನ್ನೇ ಮಾಡಿದ್ದರಲ್ಲ. ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆದು ಬೆನ್ನು ಸವರಿಸಿದರು. ಗಿಡ್ಡ ಹಗ್ಗ ಹಿಡಿದು, "ಏನೂ ಆಗಲ್ಲ ಚಿನ್ನಿ" ಎಂದರು. ಹೇಸರಗತ್ತೆ ಕಿವಿ ಅಲ್ಲಾಡಿಸಿ ಹಳ್ಳಕ್ಕೆ ಕಾಲಿಟ್ಟಿತು. ಸದಸ್ಯರು ಹೋ ಎಂದರು. ಸಾಹೇಬರು, "ನೋಡಿ, ಓದೋದು ಅಂದ್ರೆ ಹೀಗೆ" ಎಂದು ಹೆಮ್ಮೆಪಟ್ಟರು. ಆ ಹೊಗಳಿಕೆ ಬೈಂಡರಿಗೆ ಮುಳ್ಳಿನಂತೆ ಚುಚ್ಚಿತು.

ಬಿಡಾರ ತಲುಪಿದಾಗ ಹನ್ನೆರಡು ಗಂಟೆ. ಪೆಟ್ಟಿಗೆ ಹಳ್ಳಕ್ಕೆ ಬಿದ್ದಿದ್ದರೆ ಎಂಬ ಆಸೆ ಒಮ್ಮೆ ಸುಳಿದು ಹೋಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಬೈಂಡರು ನೆಟ್ಟಗೆ ಸಾಹೇಬರ ಎದುರು ಹೋಗಿ ನಿಂತರು.

"ಸಾರ್, ನಾನು ಪುಸ್ತಕ ಓದಿರಲಿಲ್ಲ. ಕಣ್ಣು ಮುಚ್ಕೊಂಡು ಜೋಡಿಸಿದೆ, ಜಂಬಕ್ಕೆ. ಚಾಕು ಹೋಗಿ ಹೇಸರಗತ್ತೆಗೆ ಸೇರ್ಕೊಂಡಿದೆ, ಹೇಸರಗತ್ತೆ ಚಾಕುವಿಗೆ. ಎಲ್ಲಾ ಪ್ರತೀನೂ ಹಾಗೇ. ತಪ್ಪು ನಂದು."

ಸಾಹೇಬರು ಪ್ರತಿ ತೆಗೆದುಕೊಂಡು ಆ ಪುಟಗಳನ್ನು ನಿಧಾನವಾಗಿ ಓದಿದರು. ಅವರ ಮುಖ ಕೆಂಪಾಯಿತು. "ಹಾಗಾದ್ರೆ ಹತ್ತು ದಿನ ನೀವು ಆ ಚಾಕುವನ್ನ..." ಎಂದು ಕೇಳಿದರು.

"ನಡೆಸಿದೆ ಸಾರ್. ಬೆಳಿಗ್ಗೆ ಒಂದು ಮೈಲಿ, ಸಂಜೆ ಒಂದು ಮೈಲಿ."

ಸಾಹೇಬರು ಬಂಡೆಯ ಮೇಲೆ ಕೂತುಬಿಟ್ಟರು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದೆ ಸದಸ್ಯರು ಮುಖ ಮುಖ ನೋಡಿಕೊಂಡರು.

"ಐದು ಗಂಟೆ ತನಕ ಸಮಯ ಕೊಡಿ" ಎಂದರು ಬೈಂಡರು. "ಸರಿ ಮಾಡಿಕೊಡ್ತೀನಿ."

"ಇಲ್ಲೇ? ಸೂಜಿ ಇಲ್ಲ, ಅಂಟು ಇಲ್ಲ, ಒತ್ತುಯಂತ್ರ ಇಲ್ಲ."

"ಚಿನ್ನಿ ಇದೆ."

ಆಮೇಲಿನ ನಾಲ್ಕೂವರೆ ಗಂಟೆಯನ್ನು ನೋಡಲು ನೀವು ಅಲ್ಲಿರಬೇಕಿತ್ತು. ಬೈಂಡರು ಮೊದಲು ಹಳ್ಳದ ಕಲ್ಲು ಆರಿಸಿ, ಮೂವತ್ತಮೂರನೇ ಪುಟ ಹೇಳಿದಂತೆ ನೀರು ಚಿಮುಕಿಸಿ ಚಾಕು ಮಸೆದರು. ಬಿದಿರು ಸೀಳಿ ಸೂಜಿ ಹೆರೆದರು, ತುದಿಗೆ ಕಣ್ಣು ಕೊರೆದರು. ತೂತುಗಳು ಮೊದಲೇ ಇದ್ದದ್ದರಿಂದ ಬಿದಿರಿನ ಸೂಜಿಯೇ ಸಾಕಿತ್ತು. ಇನ್ನೊಂದು ತುಂಡನ್ನು ನಯವಾಗಿ ಕೆತ್ತಿ ಕಾಗದ ಒತ್ತುವ ಪಟ್ಟಿ ಮಾಡಿದರು. ಒಣಗಿದ ಮರದ ದಿಮ್ಮಿಗೆ ಅಲಗಿಟ್ಟು ಬೆನ್ನಿಗೆ ಬಡಿದು ಎರಡು ಹಲಗೆ ಸೀಳಿದರು, ಅದೇ ಒತ್ತುಯಂತ್ರ. ಅಡುಗೆಯವನು ಮೈದಾ ಕುದಿಸಿ ಅಂಟು ಮಾಡಿದ. "ಗಂಟಾಯ್ತೋ, ನಿನ್ನ ರೊಟ್ಟಿ ನೀನೇ ತಿನ್ನಬೇಕು" ಎಂದು ಬೈಂಡರು ಅವನನ್ನು ಹೆದರಿಸಿದರು.

ಚಾಕುವಿನ ತುದಿಯಿಂದ ರಟ್ಟಿನ ಬೆನ್ನು ಬಿಡಿಸಿ, ಗಂಟು ಮಾತ್ರ ಕತ್ತರಿಸಿ, ದಾರ ಉಳಿಸಿಕೊಂಡರು. ಗಂಟಿನಾಚೆ ಒಂದು ಗೇಣು ದಾರ ಬಿಡುವುದು ಅವರ ಹಳೆಯ ಅಭ್ಯಾಸ. ದಾರ ದಂಡ ಮಾಡುತ್ತೀರಿ ಎಂದು ಮಾಲೀಕರು ಇದಕ್ಕಾಗಿ ಬೈಯುತ್ತಿದ್ದರು, ಇವತ್ತು ಅದೇ ಕಾಪಾಡಿತು. ಮೂರು ಅಲ್ಲಿಗೆ, ಐದು ಇಲ್ಲಿಗೆ. ಪ್ರತಿ ಸಲವೂ ಪುಟಸಂಖ್ಯೆಯನ್ನು ಬಾಯಿಬಿಟ್ಟು ಓದಿ, ಪಕ್ಕದವರಿಂದ ಹೌದು ಅನ್ನಿಸಿಕೊಂಡೇ ಹೊಲಿಗೆ ಹಾಕಿದರು. ಸದಸ್ಯರು ಕೈಯಲ್ಲಿದ್ದ ಗರಗಸದ ಹಲ್ಲಿನ ದೊಡ್ಡ ದೊಡ್ಡ ಚಾಕುಗಳನ್ನು ಒಬ್ಬೊಬ್ಬರಾಗಿ ಒರೆಗೆ ಸೇರಿಸಿ, ಸುತ್ತ ಕೂತು, ಒಬ್ಬರು ದಾರ ಎಳೆದರು, ಒಬ್ಬರು ಅಂಟು ಸವರಿದರು. ಯಾರಿಗೂ ಹಸಿವಿನ ನೆನಪಾಗಲಿಲ್ಲ. ಐದಕ್ಕೆ ಹತ್ತು ನಿಮಿಷ ಇರುವಾಗ ಇಪ್ಪತ್ತೈದನೇ ಪ್ರತಿ ಹಲಗೆಯ ಕೆಳಗೆ ಹೋಯಿತು.

ಸಾಹೇಬರು ಚಿನ್ನಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಬಾಯಿ ಮೊಂಡಾಗಿರಲಿಲ್ಲ. "ನಲವತ್ತು ವರ್ಷ ಕಾಡಿನಲ್ಲಿದ್ದೆ" ಎಂದರು. "ಚಾಕು ಹಿಡಿದವರನ್ನ ಬಹಳ ನೋಡಿದೀನಿ. ಚಾಕು ಇಷ್ಟು ಮಾತು ಕೇಳೋದು ಇವತ್ತೇ ನೋಡಿದ್ದು." ಬೈಂಡರು ಇಪ್ಪತ್ತಾರನೇ ಪ್ರತಿಗೂ ಕೈ ಹಾಕಿದಾಗ ಸಾಹೇಬರು ತಡೆದರು. "ಇದು ಹೀಗೇ ಇರಲಿ. ನನಗೆ ಬೇಕು."

ವಾಪಸು ಬಂದ ದಿನ ಬೈಂಡರು ಸೀದಾ ಮಾಲೀಕರ ಮುಂದೆ ಹೋಗಿ ನಡೆದದ್ದನ್ನೆಲ್ಲ ಹೇಳಿದರು, ಸಾಹೇಬರ ಪತ್ರವನ್ನೂ ಕೊಟ್ಟರು. ಮಾಲೀಕರು ಗಾಜಿನ ಕೆಳಗಿನ ಚೀಟಿ ಎಳೆದು ಕೈಯಲ್ಲಿಟ್ಟುಕೊಂಡೇ ಪತ್ರ ಓದಿದರು. 'ಮಿಷನ್ ಕೊಳ್ಳುವುದಾದರೆ ಕೊಳ್ಳಿ. ಆದರೆ ತಪ್ಪು ಮಾಡಿದಾಗ ತಾನೇ ಎದ್ದು ಬಂದು ಹೇಳುವ ಮಿಷನ್ ಸಿಕ್ಕರೆ ನನಗೂ ತಿಳಿಸಿ' ಎಂದಿತ್ತು. ಮಾಲೀಕರು ಎರಡು ಸಲ ಓದಿ, ಚೀಟಿಯನ್ನು ಸಣ್ಣಗೆ ಹರಿದು ಬುಟ್ಟಿಗೆ ಹಾಕಿದರು. "ಟವೆಲ್ ಇನ್ಮೇಲೆ ಕೈ ಒರೆಸೋದಕ್ಕೆ ಮಾತ್ರ" ಎಂದರು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಇದ್ದಳು. ಶಿಬಿರಕ್ಕೆ ಹೋಗಿದ್ದವರೊಬ್ಬರು ಎದುರುಮನೆಗೆ ಬಂದು ಎಲ್ಲ ಹೇಳಿಬಿಟ್ಟಿದ್ದರು. ಬೈಂಡರು ಎಂದಿನಂತೆ ಚಾಕು ಒರೆಸಿ, ಎಣ್ಣೆ ಸವರಿ, ದಿಂಬಿನ ಮೇಲಿಟ್ಟರು. ಇನ್ನು ದಿಂಬಿನ ಅಗತ್ಯವಿರಲಿಲ್ಲ, ಆದರೂ ಇಟ್ಟರು.

ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಬಂದು ದಿಂಬಿನ ಪಕ್ಕ ಕೂತಳು. ಒಂದು ಬೆರಳಿನಿಂದ ಚಾಕುವಿನ ಬೆನ್ನನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿದಳು. "ಮರ್ಯಾದೆ ಉಳಿಸಿದ್ಯಂತಲ್ಲೇ ಚಿನ್ನಿ" ಎಂದಳು. ಆಮೇಲೆ ಗಂಡನ ಕಡೆ ಬೆನ್ನು ತಿರುಗಿಸಿ ಕೂತು, "ಪುಸ್ತಕದಲ್ಲಿ ಇರೋದು ನನಗೂ ಆಗುತ್ತೋ ನೋಡಿ" ಎಂದಳು.

ಬೈಂಡರು ಹಿಂದೆ ಕೂತು, ಮೊದಲ ದಿನವಾದ್ದರಿಂದ ಸ್ವಲ್ಪವೇ ಭಾರ ಹಾಕಿ, ಮೆಲ್ಲಗೆ ಸವರತೊಡಗಿದರು.